ಫೇಜ್‌ನ ಕಿಣ್ವ ಸಕ್ಕರೆಯ ಹೊದಿಕೆಯನ್ನು ಕರಗಿಸಿದರೆ ಬ್ಯಾಕ್ಟೀರಿಯಾ ಸತ್ತಂತೆಯೇ ಅಲ್ಲವೇ?

ಅಲ್ಲ. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ವೈರಸ್. ನೀವು ಕೇಳಿರುವ ಡಿಪಾಲಿಮರೇಸ್ ಎಂಬ ಕಿಣ್ವ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯ ಸರಪಳಿಗಳನ್ನು ತುಂಡರಿಸುತ್ತದೆಯೇ ಹೊರತು ಜೀವಕೋಶವನ್ನು ಒಡೆಯುವುದಿಲ್ಲ. ಒಡೆಯುವುದು ಎಂಡೋಲೈಸಿನ್ ಎಂಬ ಬೇರೊಂದು ಕಿಣ್ವದ ಕೆಲಸ. ಹೊಸ ಫೇಜ್‌ಗಳು ಸಿದ್ಧವಾದ ಮೇಲೆ ಅದು ಒಳಗಿನಿಂದ ಕೋಶಭಿತ್ತಿಯನ್ನು ಕತ್ತರಿಸುತ್ತದೆ. ಈ ಎರಡನ್ನೂ ಒಂದೇ ಎಂದು ಬರೆಯುವವರು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾರೆ.

ನಾನು ಶಿಡ್ಲಘಟ್ಟದವನಾದ್ದರಿಂದ ನನಗೆ ಮೊದಲು ನೆನಪಾಗುವುದು ರೇಷ್ಮೆ ಗೂಡು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲವಾಗದೆ ಎಳೆಯ ತುದಿ ಕೈಗೆ ಸಿಗುವುದಿಲ್ಲ. ಹಾಗೆಯೇ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾದ ದಪ್ಪ ಲೋಳೆಯ ಹೊದಿಕೆ ಸರಿಯದೆ ಎಷ್ಟೋ ಫೇಜ್‌ಗಳಿಗೆ ಕೆಳಗಿನ ಕೋಶದ ಮೈ ಸಿಗುವುದಿಲ್ಲ. ಆದರೆ ಬಿಸಿನೀರಿಗೆ ಬೈವೋಲ್ಟೀನ್ ತಳಿಯ ಗೂಡೂ ಮಿಶ್ರತಳಿ ಗೂಡೂ ಒಂದೇ. (ಅಲ್ಲದೆ ಗೂಡಿನ ಅಂಟು ಸಕ್ಕರೆಯಲ್ಲ, ಪ್ರೋಟೀನು.) ಫೇಜ್‌ನ ಕಿಣ್ವವಾದರೋ ಸಕ್ಕರೆಗಳ ಜೋಡಣೆ ಕೊಂಚ ಬದಲಾದರೂ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಮತ್ತು ಕ್ಲೆಬ್ಸಿಯೆಲ್ಲಾ ಒಂದರಲ್ಲೇ ಅಂಥ ಹೊದಿಕೆಯ ಬಗೆಗಳು 70ಕ್ಕೂ ಹೆಚ್ಚಿವೆ.

ಈ ಕಿಣ್ವ ಬಹುತೇಕ ಫೇಜ್‌ನ ಬಾಲದ ತುದಿಯಲ್ಲೇ ಇರುತ್ತದೆ. ಸಾಲ್ಮೊನೆಲ್ಲಾವನ್ನು ಹಿಡಿಯುವ ಪಿ22 ಫೇಜ್‌ನ ಬಾಲದಲ್ಲಿ ಆರು ಮುಳ್ಳುಗಳಿದ್ದು, ಒಂದೊಂದು ಮುಳ್ಳೂ 666 ಅಮೈನೋ ಆಮ್ಲಗಳ ಮೂರು ಒಂದೇ ಬಗೆಯ ಸರಪಳಿಗಳು ಹೆಣೆದುಕೊಂಡು ಆದದ್ದು. ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುವ ಕೈಯೂ ಅದೇ, ಕತ್ತರಿಯೂ ಅದೇ.

ಹೊದಿಕೆ ಕಳಚಿದ ಬ್ಯಾಕ್ಟೀರಿಯಾ ಬದುಕಿಯೇ ಇರುತ್ತದೆಂಬುದನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಕಣ್ಣಾರೆ ಕಾಣಬಹುದು. ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗದಲ್ಲಿ ತಿಳಿಯಾದ ಚುಕ್ಕೆಯೊಂದು ಮೂಡುತ್ತದೆ. ಅದರ ಸುತ್ತ ಮಸುಕಾದ ಬಳೆಯೊಂದು ದಿನ ಕಳೆದಂತೆ ಅಗಲವಾಗುತ್ತ ಹೋಗುತ್ತದೆ. ಫೇಜ್‌ಗಿಂತ ಚಿಕ್ಕದಾದ ಬಿಡಿ ಕಿಣ್ವ ತಟ್ಟೆಯಲ್ಲಿನ ಅಗರ್ ಎಂಬ ಜೆಲ್ಲಿಯಲ್ಲಿ ದೂರದವರೆಗೆ ಹರಡಿ ಅಲ್ಲಿನ ಕೋಶಗಳ ಹೊದಿಕೆಯನ್ನು ಮಾತ್ರ ಕಳಚಿರುತ್ತದೆ; ಕೋಶಗಳು ಉಳಿದಿರುವುದರಿಂದಲೇ ಬಳೆ ತಿಳಿಯಾಗದೆ ಮಸುಕಾಗಿರುತ್ತದೆ.

ಹಾಗಾದರೆ ಇದನ್ನು ಔಷಧವೆಂದು ಏಕೆ ಪರೀಕ್ಷಿಸುತ್ತಾರೆ? ಆ ಹೊದಿಕೆಯೇ ಬ್ಯಾಕ್ಟೀರಿಯಾವನ್ನು ನಮ್ಮ ಬಿಳಿ ರಕ್ತಕಣಗಳಿಂದ ಕಾಪಾಡುವುದು. ನವಜಾತ ಶಿಶುಗಳಲ್ಲಿ ಮಿದುಳು ಪೊರೆಯ ಉರಿಯೂತ ತರುವ ಇ. ಕೋಲಿ ಕೆ1ರ ಹೊದಿಕೆಯಲ್ಲಿರುವ ಪಾಲಿಸಿಯಾಲಿಕ್ ಆಮ್ಲ ನಮ್ಮ ನರಕೋಶಗಳ ಮೇಲೂ ಇರುವುದರಿಂದ ದೇಹ ಅದನ್ನು ಪರಕೀಯವೆಂದು ಗುರುತಿಸಲು ತಡವರಿಸುತ್ತದೆ. ಅದನ್ನು ಕತ್ತರಿಸುವ ಫೇಜ್ ಕಿಣ್ವವನ್ನಷ್ಟೇ ಕೊಟ್ಟಾಗ ಸೋಂಕು ತಗುಲಿದ ಇಲಿಮರಿಗಳು ಬದುಕುಳಿದಿವೆ. ಅಲ್ಲಿ ಬ್ಯಾಕ್ಟೀರಿಯಾವನ್ನು ಕೊಂದದ್ದು ಕಿಣ್ವವಲ್ಲ, ಇಲಿಮರಿಗಳದೇ ರೋಗನಿರೋಧಕ ವ್ಯವಸ್ಥೆ.