ಹಲ್ಲು ಕೀಳಿಸಿದ ಮೇಲಿನ ಮೊದಲ ವಾರ

ದಂತ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬಾಯಿಯ ಶಸ್ತ್ರಚಿಕಿತ್ಸೆಯ ಕುರಿತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬಹುತೇಕ ಪತ್ರಗಳಲ್ಲಿರುವುದು ಚಿಕಿತ್ಸೆಯ ಭಯಕ್ಕಿಂತ ಹೆಚ್ಚಾಗಿ, ಮನೆಗೆ ಬಂದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಗೊಂದಲ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಕೆಳದವಡೆಯ ಬುದ್ಧಿಹಲ್ಲು ಅಡ್ಡಡ್ಡ ಬೆಳೆದಿದೆ, ವಸಡು ಕೊಯ್ದು ಸ್ವಲ್ಪ ಮೂಳೆ ಕೊರೆದು ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ವರ್ಷಕ್ಕೆ ಎರಡು ಮೂರು ಸಲ ಕೆನ್ನೆ ಊದಿಕೊಳ್ಳುತ್ತದೆ, ಮಾತ್ರೆ ನುಂಗಿದರೆ ಇಳಿಯುತ್ತದೆ. ಇಷ್ಟಕ್ಕೆಲ್ಲ ಆಪರೇಷನ್ ಬೇಕೇ? ಆಮೇಲೆ ಊಟಕ್ಕೆ ಏನು ಕೊಡಬೇಕು, ಎಷ್ಟು ದಿನ ಕೆಲಸಕ್ಕೆ ರಜೆ ಹಾಕಬೇಕು?
– ಗೃಹಿಣಿ, ಶಿರಾ

ಉತ್ತರ: ಬುದ್ಧಿಹಲ್ಲು ಅಡ್ಡ ಬೆಳೆದ ಮಾತ್ರಕ್ಕೆ ಅದನ್ನು ತೆಗೆಯಲೇಬೇಕೆಂದೇನೂ ಇಲ್ಲ. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ಕೀಳಬಾರದೆಂದು ಚಿಕಿತ್ಸೆಗಳ ಬಗ್ಗೆ ಮಾರ್ಗದರ್ಶನ ನೀಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ನೇ ಇಸವಿಯಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಎಕ್ಸ್‌-ರೇಯಲ್ಲಿ ಅಡ್ಡ ಹಲ್ಲು ಕಂಡೊಡನೆ ನಾಲ್ಕನ್ನೂ ತೆಗೆದುಬಿಡೋಣ ಎನ್ನುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ನಿಮ್ಮ ಮಗನ ವಿಷಯ ಬೇರೆ. ಅರ್ಧ ಹೊರಬಂದು ಅರ್ಧ ವಸಡಿನೊಳಗೇ ಉಳಿದ ಹಲ್ಲಿನ ಮೇಲೆ ವಸಡಿನ ಒಂದು ಪದರ ಮುಚ್ಚಳದಂತೆ ಕುಳಿತಿರುತ್ತದೆ. ಅದರಡಿ ಸೇರಿದ ಅನ್ನದಗುಳು ಬ್ರಷ್ಷಿಗೆ ಸಿಗುವುದಿಲ್ಲ, ಅಲ್ಲಿಯೇ ಕೊಳೆತು ಕೀವಾಗುತ್ತದೆ. ಮಾತ್ರೆಯಿಂದ ಕೀವು ಇಳಿಯಬಹುದು, ಮುಚ್ಚಳ ಹೋಗುವುದಿಲ್ಲ. ಹಾಗಾಗಿಯೇ ಬಾವು ಮತ್ತೆ ಮತ್ತೆ ಬರುತ್ತಿದೆ. ಈ ಸೋಂಕು ಒಮ್ಮೊಮ್ಮೆ ದವಡೆಯ ಕೆಳಗೆ, ಗಂಟಲಿನ ಕಡೆಗೆ ಹರಡುತ್ತದೆ. ಜ್ವರದೊಂದಿಗೆ ಗದ್ದದ ಕೆಳಭಾಗ ಗಟ್ಟಿಯಾಗಿ ಊದಿಕೊಂಡು, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡು ಮೂರು ಸಲ ಬಾವು ಬಂದಿರುವಾಗ, ಬಾವಿಲ್ಲದ ದಿನವನ್ನು ನೋಡಿಕೊಂಡು ಹಲ್ಲನ್ನು ತೆಗೆಸಿಬಿಡುವುದೇ ಸರಿ. ಇಪ್ಪತ್ತರ ಹರೆಯದಲ್ಲಿ ಮೂಳೆ ಇನ್ನೂ ಮೃದುವಾಗಿರುವುದರಿಂದ, ನಲವತ್ತು ದಾಟಿದವರಿಗಿಂತ ಬೇಗ ವಾಸಿಯೂ ಆಗುತ್ತದೆ.

ಚಿಕಿತ್ಸೆಗೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸಿ, ವಸಡನ್ನು ಬಿಡಿಸಿ, ತಣ್ಣನೆಯ ಸಲೈನ್ (ಶುದ್ಧ ಉಪ್ಪುನೀರು) ಬಿಡುತ್ತಾ ಹಲ್ಲಿನ ಸುತ್ತಲಿನ ಮೂಳೆಯನ್ನು ಅಗತ್ಯವಿದ್ದಷ್ಟೇ ಕೊರೆಯುತ್ತಾರೆ. ಅಡ್ಡ ಹಲ್ಲು ಇಡಿಯಾಗಿ ಬಾರದು. ಅದನ್ನು ತುಂಡು ಮಾಡಿ ಒಂದೊಂದಾಗಿ ತೆಗೆದು, ಕುಳಿಯನ್ನು ತೊಳೆದು, ಹೊಲಿಗೆ ಹಾಕುತ್ತಾರೆ. ಒಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಕೆಲಸ. ಒತ್ತಡ, ಎಳೆತ, ಯಂತ್ರದ ಸದ್ದು ಗೊತ್ತಾಗುತ್ತವೆ, ಆದರೆ ನೋವಾಗಬಾರದು. ನೋವಾದರೆ ಕೈ ಎತ್ತಿ ಎಂದು ಮಗನಿಗೆ ಮೊದಲೇ ಹೇಳಿರಿ. ಇನ್ನಷ್ಟು ಔಷಧಿ ಕೊಡಲು ಅವಕಾಶವಿರುತ್ತದೆ.

ಇನ್ನು ಮನೆಯ ಮಾತು. ಹಲ್ಲು ಬಿಟ್ಟ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕುಳಿತುಕೊಳ್ಳಬೇಕು; ಒಳಗಿನ ಮೂಳೆಗೂ ನರದ ತುದಿಗಳಿಗೂ ಅದೇ ಹೊದಿಕೆ, ಹೊಸ ಅಂಗಾಂಶ ಬೆಳೆಯುವುದೂ ಅದರ ಮೂಲಕವೇ. ಮೊದಲ ದಿನದ ಸೂಚನೆಗಳೆಲ್ಲ ಈ ಹೆಪ್ಪನ್ನು ಕಾಯುವುದಕ್ಕಾಗಿಯೇ ಇವೆ. ಗಾಜ್ ಬಟ್ಟೆಯ ತುಂಡನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ರಕ್ತ ನಿಂತಿತೇ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಅದು ನಿಲ್ಲುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಉಗುಳಬಾರದು, ಮುಕ್ಕಳಿಸಬಾರದು, ಎಳನೀರನ್ನೂ ಸ್ಟ್ರಾ ಹಾಕಿ ಹೀರಬಾರದು. ಎಂಜಲು ತಿಳಿಗೆಂಪಾಗಿದ್ದರೆ ಹೆದರಬೇಕಿಲ್ಲ, ನುಂಗಿಬಿಡಿ. ನಮ್ಮ ಜನ ರಕ್ತ ನುಂಗಬಾರದೆಂದು ಉಗುಳಿ ಉಗುಳಿಯೇ ರಕ್ತಸ್ರಾವವನ್ನು ಹೆಚ್ಚಿಸಿಕೊಳ್ಳುತ್ತಾರೆ. ಬಾಯಿ ತುಂಬ ರಕ್ತ ಬರುತ್ತಿದ್ದರೆ ಹೊಸ ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿಸಿ, ಅದಕ್ಕೂ ನಿಲ್ಲದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಬಟ್ಟೆ ಬಿಸಿ ಮಾಡಿ ಕೆನ್ನೆಗೆ ಶಾಖ ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ. ಮೊದಲ ದಿನ ಅದು ಬೇಡವೇ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಹಿಡಿದು, ಹತ್ತು ನಿಮಿಷ ಬಿಟ್ಟು, ಮತ್ತೆ ಹಿಡಿಯಿರಿ. ಬಾವು ಎರಡನೆಯ, ಮೂರನೆಯ ದಿನ ಹೆಚ್ಚಾಗಿ ಕಾಣುವುದು ಸಹಜ, ಆಮೇಲೆ ಇಳಿಯತೊಡಗಬೇಕು. ಮಾರನೆಯ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಮೆಲ್ಲನೆ ಬಾಯಲ್ಲಿ ಆಡಿಸಿ ಬಿಡಲಿ.

ಊಟದ ವಿಷಯದಲ್ಲಿ ಮುದ್ದೆ ಉಣ್ಣುವ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ: ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ. ಮೊದಲ ದಿನ ತಣ್ಣಗಾದ ರಾಗಿ ಅಂಬಲಿ, ಮಜ್ಜಿಗೆ, ಮೊಸರನ್ನ ಸಾಕು. ಎರಡನೆಯ ದಿನದಿಂದ ಆರಿದ, ಮೆದುವಾದ ಮುದ್ದೆಯನ್ನು ಖಾರವಿಲ್ಲದ ಮಸ್ಸೊಪ್ಪಿನ ಜೊತೆ ಕೊಡಬಹುದು. ಉಪ್ಸಾರಿನ ಖಾರಕ್ಕೆ ಒಂದು ವಾರ ರಜೆ. ಕಡಲೆಕಾಯಿ, ಪುರಿ, ಚಕ್ಕುಲಿಯ ಚೂರುಗಳು ಕುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ಎರಡು ವಾರ ದೂರವಿಡಿ. ಕುಳಿತು ಮಾಡುವ ಕೆಲಸವಾದರೆ ಎರಡು ಮೂರು ದಿನಗಳ ರಜೆ ಸಾಕು, ಮೂಟೆ ಹೊರುವ ಕೆಲಸವಾದರೆ ಐದಾರು ದಿನ ಬೇಕು. ಬಾಯಿ ಪೂರ್ತಿ ತೆರೆಯಲು ವಾರ, ಹತ್ತು ದಿನ ಹಿಡಿಯಬಹುದು.

ಪ್ರಶ್ನೆ: ನನಗೆ 58 ವರ್ಷ, ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಐದು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಸಕ್ಕರೆ ಕಾಯಿಲೆಯೂ ಇದೆ. ಅಲುಗಾಡುವ ದವಡೆ ಹಲ್ಲನ್ನು ಕೀಳಿಸಬೇಕಿದೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಐದು ದಿನ ಮೊದಲೇ ನಿಲ್ಲಿಸಬೇಕೆಂದು ಪರಿಚಯದವರು ಹೇಳುತ್ತಿದ್ದಾರೆ. ನಿಲ್ಲಿಸಲೇ?
– ಓದುಗರು, ಕೋಲಾರ

ಉತ್ತರ: ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಹೃದಯ ತಜ್ಞರನ್ನು ಕೇಳದೆ ಒಂದು ಹೊತ್ತೂ ತಪ್ಪಿಸಬಾರದು. ಹೊಸದಾಗಿ ಹಾಕಿದ ಸ್ಟೆಂಟ್‌ನೊಳಗೆ ರಕ್ತ ಗಡ್ಡೆಕಟ್ಟಿದರೆ ಅದು ಪ್ರಾಣಕ್ಕೇ ಅಪಾಯ. ಹಲ್ಲಿನ ಕುಳಿಯಿಂದ ಒಸರುವ ರಕ್ತವನ್ನಾದರೋ ಹೊಲಿಗೆ, ಜೆಲಾಟಿನ್ ಸ್ಪಾಂಜು, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಬಟ್ಟೆ ಇವುಗಳಿಂದ ಅಲ್ಲಿಯೇ ನಿಲ್ಲಿಸಬಹುದು. ತುರ್ತಿಲ್ಲದ ಚಿಕಿತ್ಸೆಯನ್ನು ಕೆಲವು ತಿಂಗಳು ಮುಂದೂಡಲು ನಿಮ್ಮ ಹೃದಯ ತಜ್ಞರು ಹೇಳಬಹುದು. ಹಲ್ಲು ಅಲುಗಾಡುತ್ತಿದೆ ಎಂದಷ್ಟೇ ಬರೆದಿದ್ದೀರಿ. ಕೀವಿಲ್ಲದಿದ್ದರೆ ಕಾಯಬಹುದು, ಕೀವಿದ್ದರೆ ಕಾಯುವುದು ತಪ್ಪು. ರಕ್ತ ತೆಳುವಾಗಿಸುವ ಇನ್ನೊಂದು ಬಗೆಯ, ಅಂದರೆ ವಾರ್ಫರಿನ್, ಅಸಿಟ್ರೋಮ್‌ನಂಥ ಮಾತ್ರೆ ನುಂಗುವವರಿಗೆ ಮಾತ್ರ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಬೇಕಾಗುತ್ತದೆ.

ಸಕ್ಕರೆ ಕಾಯಿಲೆಯವರು ಹಲ್ಲು ಕೀಳಿಸುವ ದಿನ ಉಪವಾಸ ಬರುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಬೆಳಿಗ್ಗೆ ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿ, ಬೆಳಗಿನ ವೇಳೆಯಲ್ಲೇ ಬನ್ನಿ. ಎಲ್ಲ ಮಾತ್ರೆಗಳ ಚೀಟಿಯನ್ನು ಜೇಬಿನಲ್ಲಿ ತನ್ನಿ. ರಕ್ತದೊತ್ತಡ 180/110 ದಾಟಿದ್ದರೆ ಆ ದಿನ ವಾಪಸು ಕಳಿಸುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ ಪಡೆಯುವವರು ಅದನ್ನೂ ತಪ್ಪದೆ ಹೇಳಬೇಕು, ಏಕೆಂದರೆ ಅಂಥವರಲ್ಲಿ ಕೆಲವರಿಗೆ ದವಡೆಯ ಮೂಳೆ ವಾಸಿಯಾಗದೆ ಉಳಿಯುವುದುಂಟು.

ಪ್ರಶ್ನೆ: ನಾವು ರೇಷ್ಮೆ ನೂಲು ಬಿಚ್ಚುವವರು. ದವಡೆ ಹಲ್ಲು ತೆಗೆದ ಮೇಲೆ ರೇಷ್ಮೆ ದಾರದಲ್ಲೇ ಹೊಲಿಗೆ ಹಾಕಿದ್ದೇವೆ ಎಂದರು. ನಿಜವೇ? ಮೂರು ದಿನ ಚೆನ್ನಾಗಿದ್ದೆ. ನಾಲ್ಕನೆಯ ದಿನ ಕಿವಿಯವರೆಗೂ ಎಳೆಯುವ ನೋವು, ಬಾಯಿ ವಾಸನೆ. ದಾರ ಕೊಳೆತಿರಬಹುದೇ? ಬೀಡಿ ಸೇದುವ ಅಭ್ಯಾಸವಿದೆ.
– ಓದುಗರು, ಶಿಡ್ಲಘಟ್ಟ

ಉತ್ತರ: ನಿಜವೇ. ನೀವು ಗೂಡಿನಿಂದ ಬಿಚ್ಚುವ ಅದೇ ರೇಷ್ಮೆಯ ಗೋಂದನ್ನು ತೆಗೆದು, ಎಳೆಗಳನ್ನು ಜಡೆಯಂತೆ ಹೆಣೆದು, ಬಾಯಿಯಲ್ಲಿ ಎದ್ದು ಕಾಣಲೆಂದು ಕಪ್ಪು ಬಣ್ಣ ಹಾಕಿ, ಮೇಣ ಅಥವಾ ಸಿಲಿಕೋನ್ ಲೇಪಿಸಿ ಶಸ್ತ್ರಚಿಕಿತ್ಸೆಯ ದಾರ ಮಾಡುತ್ತಾರೆ. ಗಂಟು ಜಾರುವುದಿಲ್ಲ, ತುದಿ ನಾಲಿಗೆಗೆ ಚುಚ್ಚುವುದಿಲ್ಲ. ಹೆಣೆದ ದಾರವಾದ್ದರಿಂದ ಎಳೆಗಳ ನಡುವೆ ಕೊಳೆ ಸೇರಿಕೊಳ್ಳುವುದೇ ಅದರ ದೋಷ. ಅದಕ್ಕಾಗಿಯೇ ಏಳನೆಯ ದಿನ ಬಿಚ್ಚಿಸಬೇಕು. ತಾನಾಗಿ ಉದುರೀತು ಎಂದು ಬಿಡಬಾರದು.

ಆದರೆ ನಿಮ್ಮ ನೋವಿಗೆ ದಾರ ಕಾರಣವಲ್ಲ. ಎರಡು ಮೂರು ದಿನ ಕಡಿಮೆಯಾಗುತ್ತಾ ಬಂದ ನೋವು ಇದ್ದಕ್ಕಿದ್ದಂತೆ ಏರಿ, ಕಿವಿಗೆ ಎಳೆದು, ವಾಸನೆ ಬಂದರೆ ಅದು ಬಹುಮಟ್ಟಿಗೆ ಡ್ರೈ ಸಾಕೆಟ್. ಕುಳಿಯಲ್ಲಿದ್ದ ಹೆಪ್ಪು ಕರಗಿ ಅಥವಾ ಕಳಚಿ ಹೋಗಿ ಮೂಳೆ ಬರಿದಾಗಿದೆ ಎಂದು ಅರ್ಥ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಇದು ಹೆಚ್ಚು, ಧೂಮಪಾನಿಗಳಲ್ಲಿ ಇನ್ನೂ ಹೆಚ್ಚು: ಬೀಡಿಯ ಹೊಗೆ ರಕ್ತ ಸಂಚಾರವನ್ನು ಕುಗ್ಗಿಸುತ್ತದೆ, ಎಳೆಯುವ ದಮ್ಮು ಹೆಪ್ಪನ್ನು ಸಡಿಲಿಸುತ್ತದೆ. ಇದಕ್ಕೆ ಮನೆಯಲ್ಲಿ ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ. ಹಲ್ಲು ತೆಗೆದ ವೈದ್ಯರ ಬಳಿಗೇ ಹೋಗಿ. ಕುಳಿಯನ್ನು ಸಲೈನ್‌ನಿಂದ ತೊಳೆದು ಯೂಜಿನಾಲ್ ಇರುವ ಔಷಧಿ ಪಟ್ಟಿ ಇಟ್ಟರೆ ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲೇ ನೋವು ತಗ್ಗುತ್ತದೆ. ಯೂಜಿನಾಲ್ ಲವಂಗದಲ್ಲಿ ಇರುವಂಥದ್ದೇ. ಹಾಗೆಂದು ಲವಂಗದ ಎಣ್ಣೆಯನ್ನು ನೀವೇ ಕುಳಿಗೆ ಸುರಿದುಕೊಂಡರೆ ವಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡು, ಕೆನ್ನೆಯ ಒಳಪದರ ಬೆಳ್ಳಗೆ ಬೆಂದು ಬಂದವರೂ ಇದ್ದಾರೆ. ಮಾತ್ರೆ ಇರುವುದು ನುಂಗುವುದಕ್ಕೆ. ಬೀಡಿಯನ್ನು ಇನ್ನು ಒಂದು ವಾರವಾದರೂ ಮುಟ್ಟಬೇಡಿ.

ಪ್ರಶ್ನೆ: ಮೇಲಿನ ಕೋರೆಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂದು ಅತ್ತೆಯವರು ತಡೆಯುತ್ತಿದ್ದಾರೆ. ಏನು ಹೇಳಲಿ?
– ಓದುಗರು, ಗುಬ್ಬಿ

ಉತ್ತರ: ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಮೆದುಳಿನಿಂದ ಹೊರಡುವ ನರಗಳಲ್ಲಿ ಎರಡನೆಯದು ದೃಷ್ಟಿಯದು. ಹಲ್ಲುಗಳಿಗೆ ಬರುವುದು ಐದನೆಯದರ ಕವಲುಗಳು. ಮೇಲಿನ ಹಲ್ಲಿನ ಬಾವು ಕಣ್ಣಿನ ಕೆಳಗೆ ಊತವಾಗಿ ಕಾಣುವುದರಿಂದ ಈ ನಂಬಿಕೆ ಹುಟ್ಟಿರಬಹುದು. ಕಣ್ಣಿನ ಬಳಿಗೆ ಹರಡಬಲ್ಲದ್ದು ಕೀಳಿಸದೆ ಉಳಿಸಿಕೊಂಡ ಹಲ್ಲಿನ ಸೋಂಕೇ ಎಂದು ಅತ್ತೆಯವರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಊರಿನ ಬೋರ್‌ವೆಲ್ ನೀರಿನಿಂದ ಹಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಎಲ್ಲವನ್ನೂ ಕೀಳಿಸಿ ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಬಹುದೇ?
– ವಿದ್ಯಾರ್ಥಿ, ಪಾವಗಡ

ಉತ್ತರ: ಬೇಡ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಆಗುವ ಇಂಥ ಕಲೆ ಹಲ್ಲಿನ ಹೊರಪದರದ ದೋಷ, ಬೇರು ಗಟ್ಟಿಯಾಗಿಯೇ ಇರುತ್ತದೆ. ಗಟ್ಟಿ ಹಲ್ಲನ್ನು ಬಣ್ಣಕ್ಕಾಗಿ ಕೀಳಿಸುವುದು ದುಬಾರಿಯಷ್ಟೇ ಅಲ್ಲ, ಮರಳಿ ಸರಿಪಡಿಸಲಾಗದ ಕೆಲಸ. ಕಲೆಯ ಆಳವನ್ನು ನೋಡಿ ಮೇಲ್ಪದರ ಉಜ್ಜುವುದು, ಬಿಳುಪುಗೊಳಿಸುವುದು, ಹಲ್ಲಿನ ಮುಂಭಾಗಕ್ಕೆ ವೆನೀರ್ ಎಂಬ ತೆಳು ಹೊದಿಕೆ ಅಂಟಿಸುವುದು ಇವುಗಳಲ್ಲಿ ಒಂದನ್ನು ಆರಿಸಬಹುದು. ತುಮಕೂರಿನ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ತೋರಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಆ ನೀರನ್ನು ಬದಲಿಸಿ.

ಪ್ರಶ್ನೆ: ಕೆಳಗಿನ ಬುದ್ಧಿಹಲ್ಲು ತೆಗೆಸಿ ಮೂರು ವಾರವಾಯಿತು. ಎಡಭಾಗದ ಕೆಳತುಟಿ, ಗದ್ದ ಇನ್ನೂ ಜೋಮು ಹಿಡಿದಂತಿವೆ. ಕಾಫಿ ಕುಡಿದರೆ ತುಟಿಯಿಂದ ಸೋರುವುದೂ ತಿಳಿಯುವುದಿಲ್ಲ. ಇದು ಪಾರ್ಶ್ವವಾಯುವೇ?
– ಶಿಕ್ಷಕಿ, ಚಿಂತಾಮಣಿ

ಉತ್ತರ: ಅಲ್ಲ. ತುಟಿಯನ್ನು ಆಡಿಸುವ ನರವೇ ಬೇರೆ. ಕನ್ನಡಿಯ ಮುಂದೆ ನಕ್ಕು ನೋಡಿ, ಎರಡೂ ಬದಿ ಸಮವಾಗಿ ಎಳೆದರೆ ಆ ನರ ಸರಿಯಾಗಿದೆ. ಜೋಮು ಹಿಡಿದಿರುವುದು ಕೆಳದವಡೆಯ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗಿ ಗದ್ದದ ಬಳಿ ಹೊರಬರುವ ಸ್ಪರ್ಶದ ನರ. ಕೆಲವರ ಬುದ್ಧಿಹಲ್ಲಿನ ಬೇರು ಆ ಕಾಲುವೆಗೆ ತಾಗಿಕೊಂಡೇ ಇರುತ್ತದೆ; ಹಲ್ಲು ಹೊರಬರುವಾಗ ನರ ಜಗ್ಗಬಹುದು, ಇಲ್ಲವೇ ಸುತ್ತಲಿನ ಬಾವು ಅದನ್ನು ಒತ್ತಬಹುದು. ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಸ್ಪರ್ಶ ಮರಳುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಿಗೆ. ಈ ಸಾಧ್ಯತೆಯನ್ನು ಚಿಕಿತ್ಸೆಗೆ ಮೊದಲೇ ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಕರ್ತವ್ಯ. ನಿಮಗೆ ಹೇಳಿರದಿದ್ದರೆ ಅದು ಲೋಪವೇ.

ಹತ್ತಿಯ ಎಳೆಯಿಂದ ಗದ್ದವನ್ನು ಸವರಿ, ಜೋಮಿರುವ ಜಾಗದ ಅಂಚನ್ನು ಪೆನ್ನಿನಿಂದ ಗುರುತಿಸಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ ಹೀಗೆ ಮಾಡಿದರೆ ಜಾಗ ಕುಗ್ಗುತ್ತಿದೆಯೇ ಎಂದು ತಿಳಿಯುತ್ತದೆ. ಇರುವೆ ಹರಿದಂತೆ ಜುಮ್ಮೆನ್ನತೊಡಗಿದರೆ ಅದು ಒಳ್ಳೆಯ ಸೂಚನೆ. ಅಲ್ಲಿಯವರೆಗೆ ಕಾಫಿಯನ್ನು ತಣ್ಣಗಾಗಿಸಿ ಕುಡಿಯಿರಿ, ಏಕೆಂದರೆ ತುಟಿ ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಮೂರು ತಿಂಗಳಾದರೂ ಏನೂ ಬದಲಾವಣೆ ಕಾಣದಿದ್ದರೆ, ಹಳೆಯ ಎಕ್ಸ್‌-ರೇಯೊಂದಿಗೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರನ್ನು ಕಾಣಿರಿ.