ಪಟ್ಟಿಯಲ್ಲಿ ಕಾಸರಗೋಡು ಇಲ್ಲ ಮಾರಾಯ್ತಿ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಕಾಸರಗೋಡು ಕೇರಳ ಅಲ್ವಾ? ಮಕ್ಕಳು ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಮಾತಾಡ್ತಾರೆ. ನಿನ್ನ ಶಾಲೆಯಲ್ಲಿ ಕನ್ನಡ ಕಥೆ ಪುಸ್ತಕ ಯಾಕೆ ರಾಶಿ ಹಾಕ್ತೀಯ?" ಆಗ ಸಿಟ್ಟು ಬಂದು ಮಾತು ಬದಲಿಸಿದೆ. ಈಗ ಹೇಳುತ್ತೇನೆ, ಕೇಳು ಮಾರಾಯ್ತಿ.

ನೀನು ಚಿಕ್ಕಂದಿನಲ್ಲಿ ಕುಣಿದು ಹಾಡಿದ ನಾಗರಹಾವಿನ ಪದ್ಯ ಇದೆಯಲ್ಲ, ಅದನ್ನು ಬರೆದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ನಮ್ಮ ಕಾಸರಗೋಡಿನ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಮನೆಮಾತು ತುಳು. ಶಾಲೆಯಲ್ಲಿ ಪಾಠ ಹೇಳುತ್ತಲೇ ಮಕ್ಕಳಿಗೆ ಕನ್ನಡ ಪದ್ಯ ಬರೆದರು. ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡರು. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಕನ್ನಡ. ನಮ್ಮ ಕಡೆ ಇದು ಅಜ್ಜಂದಿರ ಕಾಲದ ರೂಢಿ. ಇದರಲ್ಲಿ ಕನ್ನಡ ಯಾರಿಗೂ ಪರಕೀಯ ಅನ್ನಿಸಿಲ್ಲ.

1956ರಲ್ಲಿ ಭಾಷೆಯ ಮೇಲೆ ರಾಜ್ಯ ವಿಂಗಡಿಸುವಾಗ ಕಾಸರಗೋಡು ಕೇರಳಕ್ಕೆ ಸೇರಿದ್ದು ನಿನಗೆ ಗೊತ್ತೇ ಇದೆ, ಬಿಡು.

ಪಠ್ಯಪುಸ್ತಕಕ್ಕೆ ತೊಂದರೆ ಇಲ್ಲ, ಕನ್ನಡ ಮಾಧ್ಯಮಕ್ಕೆ ಕೇರಳವೇ ಅಚ್ಚು ಹಾಕಿಸುತ್ತದೆ. ಕಥೆ ಪುಸ್ತಕ ಬೇಕಾದರೆ ನಾನು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಬಸ್ಸು ಹತ್ತಬೇಕು. ತಂದ ಮೇಲೂ ಸುಲಭ ಇಲ್ಲ. ಒಂದು ಕಥೆಯಲ್ಲಿ ಅಜ್ಜಿ ಬಿಸಿಬಿಸಿ ಬೋಂಡ ಕೊಟ್ಟಳು ಅಂತಿತ್ತು. "ಬೊಂಡವನ್ನು ಯಾಕೆ ಟೀಚರ್ ಬಿಸಿ ಮಾಡುವುದು?" ಅಂತ ಒಬ್ಬ ಕೇಳಿದ. ನಮಗೆ ಬೊಂಡ ಅಂದರೆ ಎಳನೀರು. ಕಲ್ಲಂಗಡಿ ನಮಗೆ ಬಚ್ಚಂಗಾಯಿ. ಬಚ್ಚಂಗಾಯಿ ಅಂತ ಅಚ್ಚಾದ ಒಂದು ಹೊಸ ಕಥೆ ಸಿಕ್ಕಿದರೆ ಆ ಮಕ್ಕಳ ಮುಖ ಹೇಗೆ ಅರಳೀತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಅದಕ್ಕೇ ಮಕ್ಕಳಿಂದಲೇ ಬರೆಸಲು ಶುರು ಮಾಡಿದೆ. ಗೋಜಲು ಇರುವುದು ಇಲ್ಲೇ. ಹೋದ ವರ್ಷ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಡಿಕೆ ತೋಟದ ಸುರಂಗದ ಬಗ್ಗೆ ಕಥೆ ಬರೆದಳು. ಗುಡ್ಡ ಕೊರೆದು ನೀರು ತೆಗೆಯುತ್ತೇವಲ್ಲ, ಆ ಸುರಂಗ. ಒಳಗಿನ ಕತ್ತಲೆ, ಕಾಲಿಗೆ ತಾಗುವ ತಣ್ಣನೆ ನೀರು, ಎಲ್ಲ ಇತ್ತು. ಕರ್ನಾಟಕದ ಮಕ್ಕಳ ಕಥಾ ಸ್ಪರ್ಧೆಯೊಂದಕ್ಕೆ ಕಳಿಸಲು ಕೂತೆವು. ಅರ್ಜಿಯಲ್ಲಿ ಜಿಲ್ಲೆ ಆರಿಸಬೇಕು. ಕರ್ನಾಟಕದ 31 ಜಿಲ್ಲೆ ಇತ್ತು, ಕಾಸರಗೋಡು ಇರಲಿಲ್ಲ. ಜಿಲ್ಲೆ ತುಂಬದೆ ಅರ್ಜಿ ಮುಂದೆ ಹೋಗದು. ಫೋನ್ ಮಾಡಿದರೆ, "ನೀವು ಕೇರಳದವರಲ್ವಾ, ಅಲ್ಲಿನ ಸ್ಪರ್ಧೆಗೆ ಕಳಿಸಿ" ಅಂದರು. ಇಲ್ಲಿ ನಾನು ವಿಚಾರಿಸಿದ ಸ್ಪರ್ಧೆಗೆ ಮಲಯಾಳದಲ್ಲೇ ಬರೆಯಬೇಕಂತೆ.

ದಕ್ಷಿಣ ಕನ್ನಡ ಅಂತ ಒತ್ತಿಬಿಡೋಣ ಅಂದೆ. ಹುಡುಗಿ ಒಪ್ಪಲಿಲ್ಲ. "ನಮ್ಮ ಸುರಂಗ ಇಲ್ಲಿ ಇರುವುದಲ್ವಾ ಟೀಚರ್?" ಅಂದಳು. ನನಗೆ ಗಂಟಲು ಕಟ್ಟಿತು. ಅರ್ಜಿ ಹೋಗಲಿಲ್ಲ. ಪ್ರತಿ ವರ್ಷ ಇದೇ ಕಥೆ, ಮಕ್ಕಳು ಮಾತ್ರ ಬೇರೆ.

ಆ ಕಥೆಯನ್ನು ನಾವೇ ಬಿಳಿ ಹಾಳೆಯಲ್ಲಿ ಚೆಂದಕ್ಕೆ ಬರೆದು, ಚಿತ್ರ ಬಿಡಿಸಿ, ಹೊಲಿದು ಪುಸ್ತಕ ಮಾಡಿ ಕಪಾಟಿನಲ್ಲಿ ಇಟ್ಟಿದ್ದೇವೆ. ಕಪಾಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸವೆದ ಪುಸ್ತಕ ಈಗ ಅದೇ. ಮುಂದಿನ ಸಲ ಬರುವಾಗ ಸ್ವೀಟ್ ಬಾಕ್ಸ್ ಬೇಡ. ದೊಡ್ಡ ಅಕ್ಷರದ, ಚಿತ್ರ ಇರುವ ಹತ್ತು ಪುಸ್ತಕ ತಾ. ಬೋಂಡದ ಕಥೆ ಇದ್ದರೂ ಪರವಾಗಿಲ್ಲ.