ಎಸ್‌ಟಿಎಂ32 ಬೂಟ್‌ಲೋಡರ್‌ನಲ್ಲಿ ಸೀರಿಯಲ್ ಪಿನ್: ಯಾವುದು ಮೊದಲು, ಯಾವುದು ಆಮೇಲೆ?

ಬದಿಯಡ್ಕದ ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿಟ್ಟ ನಿಮ್ಮ ಎಸ್‌ಟಿಎಂ32ಎಫ್407 (ಮೈಕ್ರೋಕಂಟ್ರೋಲರ್ ಚಿಪ್) ಬೋರ್ಡಿನ ಬಗ್ಗೆ ನೀವು ಮೂರು ದೂರು ಹೇಳಿದ್ದೀರಿ: ಎಸ್‌ಟಿ-ಲಿಂಕ್ ಸಿಗುವುದಿಲ್ಲ, ಆನ್ ಆದ ಕೂಡಲೇ ಕಸದ ಅಕ್ಷರ ಬರುತ್ತದೆ, ಕರೆಂಟು ಹೋಗಿ ಬಂದಾಗ ಬೋರ್ಡು ಬೂಟ್‌ಲೋಡರ್‌ನಲ್ಲೇ (ಮುಖ್ಯ ಪ್ರೋಗ್ರಾಮಿಗೆ ಮುಂಚೆ ಓಡುವ ಸಣ್ಣ ಪ್ರೋಗ್ರಾಂ) ನಿಲ್ಲುತ್ತದೆ. ಮೂರಕ್ಕೂ ಬೇರು ಸೀರಿಯಲ್ ಪಿನ್ ಸೆಟ್ ಮಾಡುವ ರೀತಿಯಲ್ಲೇ ಇದೆ.

ಮೊದಲು ಎಸ್‌ಟಿ-ಲಿಂಕ್ (ಚಿಪ್ಪಿಗೆ ಕೋಡ್ ತುಂಬುವ, ಡಿಬಗ್ ಮಾಡುವ ಸಾಧನ) ಸಿಗದಿರುವ ವಿಷಯ. ನೀವು ಪೋರ್ಟ್ ಎ ಮೋಡರ್ ರಿಜಿಸ್ಟರಿಗೆ (ಪ್ರತಿ ಪಿನ್ನಿನ ಕೆಲಸವನ್ನು ಎರಡೆರಡು ಬಿಟ್‌ನಲ್ಲಿ ನಿರ್ಧರಿಸುವ ಜಾಗ) ಇಡೀ ಮೌಲ್ಯವನ್ನೇ ಬರೆದಿದ್ದೀರಿ. ಡಿಬಗ್ ಲೈನ್‌ಗಳಾದ ಪಿಎ13, ಪಿಎ14 ಅದೇ ರಿಜಿಸ್ಟರಿನಲ್ಲಿವೆ. ಅವು ಇನ್‌ಪುಟ್ ಆಗಿಹೋದವು. ರೀಸೆಟ್ ಒತ್ತಿ ಹಿಡಿದು, 'ಕನೆಕ್ಟ್ ಅಂಡರ್ ರೀಸೆಟ್' ಕೊಟ್ಟರೆ ಬೋರ್ಡು ಮತ್ತೆ ಕೈಗೆ ಸಿಗುತ್ತದೆ. ಕೋಡ್‌ನಲ್ಲಿ ಸೀರಿಯಲ್ ಪಿನ್‌ಗಳಾದ ಪಿಎ9, ಪಿಎ10ರ ನಾಲ್ಕು ಬಿಟ್ (18ರಿಂದ 21) ಮಾತ್ರ ಅಳಿಸಿ, ಎರಡಕ್ಕೂ ಬೈನರಿ 10 (ಆಲ್ಟರ್ನೇಟ್ ಫಂಕ್ಷನ್ ಮೋಡ್) ಬರೆಯಿರಿ. ಅಳಿಸದೆ ಬರೇ 'ಆರ್' (OR) ಮಾಡಿದರೆ, ಮೊದಲೇ 01 ಇದ್ದ ಪಿನ್ 11 ಆಗಿ ಅನಲಾಗ್ ಮೋಡ್‌ಗೆ ಹೋಗುತ್ತದೆ.

ಇನ್ನು ಆನ್ ಆದ ಕೂಡಲೇ ಬರುವ ಕಸದ ಅಕ್ಷರ. ಟಿಎಕ್ಸ್ ಲೈನ್ (ಡೇಟಾ ಕಳಿಸುವ ಪಿಎ9) ಸುಮ್ಮನಿರುವಾಗ ಹೈ ಇರಬೇಕು. ಒಂದು ಕ್ಷಣ ಲೋ ಆದರೂ ಎದುರಿನ ಸಾಧನ ಅದನ್ನು ಸ್ಟಾರ್ಟ್ ಬಿಟ್ (ಅಕ್ಷರದ ಆರಂಭದ ಗುರುತು) ಅಂತಲೇ ಓದುತ್ತದೆ. ಹಾಗಾಗಿ ಪೋರ್ಟ್ ಎ, ಯುಸಾರ್ಟ್1 (ಚಿಪ್ಪಿನೊಳಗಿನ ಸೀರಿಯಲ್ ಘಟಕ) ಎರಡರ ಕ್ಲಾಕ್ ಆನ್ ಮಾಡಿ, ಕ್ಲಾಕ್ ಆನ್ ಮಾಡಿದ ರಿಜಿಸ್ಟರುಗಳನ್ನು ಒಮ್ಮೆ ತಿರುಗಿ ಓದಿ. ಇಲ್ಲವಾದರೆ ತಕ್ಷಣದ ಬರಹ ಕಳೆದುಹೋಗಬಹುದು. ಆಮೇಲೆ ಬಾಡ್ ರೇಟ್ (ಸೀರಿಯಲ್ ವೇಗ): 16 ಮೆಗಾಹರ್ಟ್ಸ್ ಒಳ ಕ್ಲಾಕಿನಲ್ಲಿ 115200ಕ್ಕೆ ಬಿಆರ್‌ಆರ್ (ಆ ವೇಗದ ರಿಜಿಸ್ಟರ್) 139. ಯುಇ (ಯುಸಾರ್ಟ್ ಆನ್), ಟಿಇ (ಕಳಿಸುವ ಭಾಗ ಆನ್) ಬಿಟ್ ಹಾಕಿ, ಎಎಫ್7 (ಪಿನ್ನನ್ನು ಯುಸಾರ್ಟ್1ಕ್ಕೆ ಜೋಡಿಸುವ ಆಯ್ಕೆ) ಆರಿಸಿ, ಮೋಡರ್ ಕಟ್ಟಕಡೆಗೆ. ರೀಸೆಟ್ ಹೊತ್ತಿನಲ್ಲಿ ಪಿನ್ ತೇಲುತ್ತಿರುತ್ತದೆ, ಅಲ್ಲಿ ಕೋಡ್ ಏನೂ ಮಾಡಲಾರದು, ಟಿಎಕ್ಸ್‌ನಿಂದ 3.3 ವೋಲ್ಟಿಗೆ ಹೊರಗಿನ 10 ಕಿಲೊಓಮ್ ಪುಲ್‌ಅಪ್ (ಲೈನನ್ನು ಹೈ ಆಗಿ ಹಿಡಿಯುವ ರೆಸಿಸ್ಟರ್) ಬೇಕೇ ಬೇಕು.

ಮುಂದೆ ಪಿಎಲ್‌ಎಲ್‌ಗೆ (ವೇಗದ ಕ್ಲಾಕ್) ಬದಲಾಯಿಸುವ ಮುಂಚೆ ಟಿಸಿ ಬಿಟ್ (ಕಳಿಸಿ ಮುಗಿಯಿತೆಂಬ ಗುರುತು) ಬರುವವರೆಗೆ ಕಾಯಿರಿ, ಇಲ್ಲವಾದರೆ ಕೊನೆಯ ಅಕ್ಷರ ಅರ್ಧಕ್ಕೆ ಕೆಡುತ್ತದೆ. ಯುಸಾರ್ಟ್1ಕ್ಕೆ ಕ್ಲಾಕ್ ಕೊಡುವ ಎಪಿಬಿ2 ಬಸ್ 84 ಮೆಗಾಹರ್ಟ್ಸ್ ಆದರೆ ಬಿಆರ್‌ಆರ್ 729.

ಕರೆಂಟು ಹೋಗಿ ಬಂದಾಗ ಬೂಟ್‌ಲೋಡರ್‌ನಲ್ಲೇ ನಿಲ್ಲುವುದು ಆರ್‌ಎಕ್ಸ್‌ನ (ಡೇಟಾ ಪಡೆಯುವ ಪಿಎ10) ಕಾಟ. ಆಚೆ ತುದಿಯಲ್ಲಿ ಏನೂ ಜೋಡಿಸದ ಉದ್ದ ವಯರು ಮೋಟಾರಿನ ವಿದ್ಯುತ್ ಗದ್ದಲವನ್ನೆಲ್ಲ ಹಿಡಿಯುತ್ತದೆ. 'ಯಾವ ಕೀ ಒತ್ತಿದರೂ ನಿಲ್ಲು' ಅಂತ ಬರೆದ ಕೋಡ್‌ಗೆ ಅದೂ ಕೀಯೇ. ಒಳಗಿನ ಪುಲ್‌ಅಪ್ ಸುಮಾರು 40 ಕಿಲೊಓಮ್. ಶೆಡ್ಡಿನಲ್ಲಿ ಅದು ಸಾಲದು, ಪಿನ್ನಿನ ಹತ್ತಿರವೇ 4.7 ಕಿಲೊಓಮ್ ಪುಲ್‌ಅಪ್ ಹಾಕಿ. ಫ್ರೇಮಿಂಗ್ ಎರರ್ (ಸ್ಟಾಪ್ ಬಿಟ್ ಸರಿಯಾಗಿ ಬಾರದ ತಪ್ಪು) ಇರುವ ಬೈಟನ್ನು ಬಿಸಾಡಿ. ಒಂದು ಕೀಗೆ ಬದಲು ನಾಲ್ಕಕ್ಷರದ ಪದ ಸಾಲಾಗಿ ಬಂದರೆ ಮಾತ್ರ ನಿಲ್ಲಲಿ.

ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನ ವಿಸಿಸಿ (ಪವರ್ ವಯರು) ಜೋಡಿಸಬೇಡಿ, ಗ್ರೌಂಡ್ ಮರೆಯಬೇಡಿ. ಬೋರ್ಡು ಆಫ್ ಇದ್ದಾಗಲೂ ಅಡಾಪ್ಟರಿನ ಟಿಎಕ್ಸ್‌ನಿಂದ ಚಿಪ್ಪಿಗೆ ಕಳ್ಳ ಕರೆಂಟು ಹರಿಯಬಹುದು, ಆ ಲೈನಿನಲ್ಲಿ 1 ಕಿಲೊಓಮ್ ಸೀರೀಸ್ ಇರಲಿ.